ವಿಕಿರಣದ ಅಳತೆ ಮತ್ತು ಸುರಕ್ಷತೆ

ಕ್ಷ-ಕಿರಣಗಳು ಕಣ್ಣಿಗೆ ಕಾಣುವುದಿಲ್ಲ. ಮೈಗೆ ಸೋಕಿದ್ದೂ ತಿಳಿಯುವುದಿಲ್ಲ. ಆದುದರಿಂದ ಸೂರತ್ ನಗರದ ಕತಾರ್‌ಗಾಮ್‌ನಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಕ್ಷ-ಕಿರಣ ತಂತ್ರಜ್ಞರಾಗಬಯಸುವ ವಿದ್ಯಾರ್ಥಿಗಳು ಮೊದಲು ಅರಿಯಬೇಕಾದುದು ವಿಕಿರಣದ ಅಳತೆಯನ್ನು.

ಒಂದು ಕಿಲೋಗ್ರಾಂ ಅಂಗಾಂಶವು ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಅದು ಒಂದು 'ಗ್ರೇ'. ಅದರಿಂದ ಒದಗಬಹುದಾದ ಹಾನಿಯ ಸಾಧ್ಯತೆಯನ್ನು 'ಸೀವರ್ಟ್'ಗಳಲ್ಲಿ ಸೂಚಿಸಲಾಗುತ್ತದೆ. 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ, ವೃತ್ತಿನಿರತರು ಪಡೆಯುವ ವಿಕಿರಣವು ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್‌ಗಳನ್ನೂ, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್‌ಗಳನ್ನೂ ಮೀರಬಾರದು.

ಈ ಲೆಕ್ಕವನ್ನು ಇಡುವುದು ಎದೆಯ ಮೇಲೆ ಧರಿಸುವ ಟಿ.ಎಲ್.ಡಿ. ಬ್ಯಾಡ್ಜ್. ಅದರೊಳಗಿನ ಕ್ಯಾಲ್ಸಿಯಂ ಸಲ್ಫೇಟ್ ಬಿಲ್ಲೆಗಳು ವಿಕಿರಣದ ಶಕ್ತಿಯ ಒಂದಂಶವನ್ನು ಹಿಡಿದಿಟ್ಟುಕೊಂಡು, ಪ್ರಯೋಗಾಲಯದಲ್ಲಿ ಕಾಯಿಸಿದಾಗ ಬೆಳಕಾಗಿ ಹೊರಸೂಸುತ್ತವೆ. ಬೆಳಕು ಹೆಚ್ಚಿದಷ್ಟೂ ತಗುಲಿದ ವಿಕಿರಣ ಹೆಚ್ಚು.

ಬ್ಯಾಡ್ಜ್ ರಕ್ಷಾಕವಚವಲ್ಲ. ಅದನ್ನು ಸೀಸದ ಏಪ್ರನ್ನಿನ ಒಳಗೆ ಧರಿಸಬೇಕು. ಮೇಜಿನ ಖಾನೆಯಲ್ಲಿ ಉಳಿದ ಬ್ಯಾಡ್ಜ್ ಇರುವ ಅಪಾಯವನ್ನು ಮರೆಮಾಚುತ್ತದೆ; ಕ್ಷ-ಕಿರಣ ಕೊಠಡಿಯಲ್ಲೇ ತೂಗುಹಾಕಿದ್ದು ಇಲ್ಲದ ಅಪಾಯವನ್ನು ತೋರಿಸುತ್ತದೆ. ನಿಜವಾದ ರಕ್ಷಣೆ ಕಡಿಮೆ ಸಮಯ, ಸೀಸದ ತಡೆ ಹಾಗೂ ದೂರದಲ್ಲಿದೆ. ಕಿರಣಮೂಲದಿಂದ ದೂರವನ್ನು ಇಮ್ಮಡಿಗೊಳಿಸಿದರೆ ವಿಕಿರಣದ ತೀವ್ರತೆ ಕಾಲುಭಾಗಕ್ಕೆ ಇಳಿಯುತ್ತದೆ. ಆ ರಕ್ಷಣೆ ಸಾಕಾಯಿತೇ ಎಂಬುದನ್ನು ತಿಳಿಸುವುದು ಸರಿಯಾಗಿ ಧರಿಸಿದ ಬ್ಯಾಡ್ಜ್ ಮಾತ್ರ.