ವೃದ್ಧರ ಮನೆಗೆ ತಕ್ಕ ದಾದಿ



ಶತಮಾನೋತ್ಸವದ ಸಂದರ್ಭದಲ್ಲಿ ಹಿರಿಯರಿಗೆ ಶಾಲು ಹೊದಿಸಿ ಸನ್ಮಾನಿಸುವುದು ವಾಡಿಕೆ. ಅದು ಯೋಗ್ಯವೇ ಸರಿ. ಆದರೆ ಅವರು ಮನೆಗೆ ಮರಳಿದ ಮೇಲೆ ಅವರ ಆರೋಗ್ಯವನ್ನು ವಿಚಾರಿಸುವವರಾರು ಎಂಬುದನ್ನು ನಾವು ಇಂದು ಆಲೋಚಿಸಬಯಸುತ್ತೇವೆ.

ಹಿಂದೆ ಹಳ್ಳಿಯಾಗಿದ್ದ ನಮ್ಮ ಉಲ್ಲಾಳ ಈಗ ಬಡಾವಣೆಗಳಿಂದ ತುಂಬಿದೆ. ಮಕ್ಕಳು ದುಡಿಮೆಗೆ ಹೊರಟ ಬಳಿಕ ಎಷ್ಟೋ ಮನೆಗಳಲ್ಲಿ ಉಳಿಯುವವರು ವೃದ್ಧರೇ. ರಕ್ತದೊತ್ತಡಕ್ಕೆ ಒಬ್ಬ ವೈದ್ಯರು, ನಿದ್ರೆಗೆ ಮತ್ತೊಬ್ಬರು, ಸಕ್ಕರೆ ಕಾಯಿಲೆಗೆ ಮಗದೊಬ್ಬರು ಕೊಟ್ಟ ಮಾತ್ರೆಗಳು ಒಂದೇ ಡಬ್ಬಿ ಸೇರುತ್ತವೆ. ಅವೆಲ್ಲವನ್ನೂ ಒಟ್ಟಾಗಿ ನೋಡುವವರಿಲ್ಲ. ನಡುರಾತ್ರಿ ಎದ್ದು, ತಲೆಸುತ್ತಿ ಬಿದ್ದು, ಸೊಂಟದ ಮೂಳೆ ಮುರಿದ ಮೇಲೆ ಆಸ್ಪತ್ರೆಗೆ ಓಡುತ್ತೇವೆ.

ಇದನ್ನು ತಡೆಯಲು ದೊಡ್ಡ ಯಂತ್ರಗಳಿಗಿಂತ ಮೊದಲು ಬೇಕಾದುದು ತಕ್ಕ ಶಿಕ್ಷಣ ಪಡೆದ ದಾದಿ. 1965ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ದಾದಿಯೂ ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರೂ ಕೂಡಿ, ದಾದಿಯರೇ ರೋಗಿಯನ್ನು ಪರೀಕ್ಷಿಸಿ ನಿರ್ಣಯ ಕೈಗೊಳ್ಳುವ ತರಬೇತಿಯನ್ನು ಆರಂಭಿಸಿದರು. ಮಕ್ಕಳಿಗಾಗಿ ಹುಟ್ಟಿದ ಆ ಶಿಕ್ಷಣ ಮುಂದೆ ಇಡೀ ಕುಟುಂಬಕ್ಕೂ ವೃದ್ಧರಿಗೂ ವಿಸ್ತರಿಸಿತು. ನಮ್ಮ ದೇಶದಲ್ಲಿ 2018ರ ಆಯುಷ್ಮಾನ್ ಭಾರತ ಯೋಜನೆಯಡಿ ಉಪಕೇಂದ್ರಗಳಿಗೆ ಬಂದ ಸಮುದಾಯ ಆರೋಗ್ಯಾಧಿಕಾರಿಗಳಲ್ಲಿ ಶುಶ್ರೂಷಾ ಪದವೀಧರರಿದ್ದಾರೆ. ವೃದ್ಧರ ಆರೈಕೆಯೂ ಅವರ ಕರ್ತವ್ಯಗಳಲ್ಲೊಂದು. ಆದರೆ ಅವರ ಹೊಣೆ ಬಹುವಿಧ. ವೃದ್ಧರ ಆರೈಕೆಗೆ ಇನ್ನೂ ಆಳವಾದ ಶಿಕ್ಷಣ ಅವಶ್ಯ.

ಆ ಶಿಕ್ಷಣ ಆಸ್ಪತ್ರೆಯ ವಾರ್ಡಿನಲ್ಲೇ ಮುಗಿಯದೆ ಮನೆಯೊಳಗೂ ನಡೆಯಬೇಕು. ಡಬ್ಬಿಯ ಮಾತ್ರೆಗಳನ್ನೆಲ್ಲ ಹರವಿ ಪರಿಶೀಲಿಸುವುದು. ಮಲಗಿದ್ದಾಗಲೂ ಎದ್ದು ನಿಂತ ಬಳಿಕವೂ ರಕ್ತದೊತ್ತಡ ಅಳೆದು, ಮೇಲಿನ ಅಂಕಿ 20ರಷ್ಟು ಇಳಿದಿದ್ದರೆ ವೈದ್ಯರಿಗೆ ತಿಳಿಸುವುದು. ಕುರ್ಚಿಯಿಂದೆದ್ದು 3 ಮೀಟರು ನಡೆದು, ಹಿಂದಿರುಗಿ ಕೂರಲು 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವನ್ನು ಅರಿಯುವುದು. ಮರೆವನ್ನು ಬರಿಯ ಮುಪ್ಪೆಂದು ತಳ್ಳಿಹಾಕದಿರುವುದು. ಸೊಸೆಯ ಆಯಾಸವನ್ನೂ ವಿಚಾರಿಸುವುದು: ಇವೆಲ್ಲ ಅದರ ಪಾಠಗಳು.

ದಾದಿ ವೈದ್ಯರ ಸ್ಥಾನವನ್ನು ಕಸಿಯುವಳೇ ಎಂದು ಕೆಲವರು ಕೇಳಬಹುದು. ಇಲ್ಲ; ವೈದ್ಯರು ಕಾಣಲಾಗದ ದಿನಗಳಲ್ಲಿ ಅವಳು ಕಾಣುತ್ತಾಳೆ, ತನ್ನ ಮಿತಿಯನ್ನರಿತು ಸಕಾಲದಲ್ಲಿ ವೈದ್ಯರ ಬಳಿಗೆ ಕಳುಹಿಸುತ್ತಾಳೆ. ಆದರೆ ಹೊಣೆ ಹೊರಿಸಿ ಅಧಿಕಾರ ಕೊಡದಿರುವುದು ಅನ್ಯಾಯ.

ನಮ್ಮ ನಾಡಿನ ಎಷ್ಟೋ ದಾದಿಯರು ಇಂದು ಹೊರದೇಶಗಳಲ್ಲಿ ಅಲ್ಲಿನ ವೃದ್ಧರ ಸೇವೆಯಲ್ಲಿದ್ದಾರೆ. ಇಲ್ಲಿ ಅವರಿಗೆ ಯೋಗ್ಯ ಶಿಕ್ಷಣ, ವೇತನ, ಮಾನ್ಯತೆಗಳು ದೊರೆಯದಿದ್ದರೆ, ‘ಇಲ್ಲೇ ಉಳಿಯಿರಿ’ ಎಂದು ಉಪದೇಶಿಸುವ ಹಕ್ಕು ನಮಗಿಲ್ಲ. ಅದನ್ನು ದೊರಕಿಸಲು ಸಮಾಜವೂ ಸರ್ಕಾರವೂ ಕೈಜೋಡಿಸಲೆಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.