ಹೆದರಿಕೆಯನ್ನ ವಿಂಗಡಿಸಿ: ಕುದುರೆಯಿಂದ ಬಿದ್ದ ಮೇಲೆ ನಾನು ಕಲಿತದ್ದು



ಕುದುರೆ ಕಂಡರೆ ಕಾಲುನೋವು ಅನ್ನೋ ಗಾದೆ ನಿಮಗೆಲ್ಲ ಗೊತ್ತು. ಆರಾಮಾಗಿ ನಡ್ಕೊಂಡು ಬರ್ತಿದ್ದವನಿಗೆ ಕುದುರೆ ಕಣ್ಣಿಗೆ ಬಿದ್ದ ಕೂಡಲೇ ಕಾಲು ನೋಯುತ್ತಂತೆ, ಹತ್ತಿ ಕೂರಬಹುದಲ್ಲ ಅಂತ. ನನ್ನದು ಉಲ್ಟಾ ಕೇಸು. ಹೆಚ್ಚುಕಡಿಮೆ ಒಂದು ವರ್ಷ ನನಗೆ ಕುದುರೆ ಕಂಡರೆ ಹೆಗಲು ನೋಯ್ತಿತ್ತು, ಹತ್ತಬೇಕಾಗುತ್ತಲ್ಲ ಅಂತ. ಆದರೆ ನನ್ನ ಹೊಟ್ಟೆಪಾಡೇ ಕುದುರೆ. ಆ ವರ್ಷದ ಕಥೆ ಹೇಳೋಕೆ ಇವತ್ತು ನಿಂತಿದ್ದೀನಿ.

ನಾನು ಹುಟ್ಟಿ ಬೆಳೆದದ್ದು ಮುಂಬೈಯ ಧಾರಾವಿಯಲ್ಲಿ. ನಮ್ಮಪ್ಪ ಕಲಬುರಗಿ ಕಡೆಯಿಂದ ಚರ್ಮದ ಕೆಲಸಕ್ಕೆ ಬಂದವರು. ನಾನು ಓದಿದ್ದು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ, ಅದೂ ಏಳನೇ ತರಗತಿವರೆಗೆ. ಮನೆದೇವರು ಮೈಲಾರಲಿಂಗ. ಮಹಾರಾಷ್ಟ್ರದವರು ಖಂಡೋಬಾ ಅಂತಾರೆ. ನಮ್ಮ ಖೋಲಿಯ ಗೋಡೆ ಮೇಲೆ ಇದ್ದದ್ದು ಒಂದೇ ಫೋಟೋ, ಬಿಳಿ ಕುದುರೆ ಏರಿದ ಆ ದೇವರದ್ದು. ಚಿಕ್ಕವನಿದ್ದಾಗ ನಾನು ದೇವರಿಗಿಂತ ಜಾಸ್ತಿ ಕುದುರೆಯನ್ನೇ ನೋಡ್ತಿದ್ದೆ. ಹದಿನಾರಕ್ಕೆ, ಮದುವೆಗೆ ಕುದುರೆ ಬಾಡಿಗೆ ಕೊಡೋ ಮಾಲೀಕರೊಬ್ಬರ ಹತ್ತಿರ ಕೆಲಸಕ್ಕೆ ಸೇರಿಕೊಂಡೆ. ಮದುಮಗ ಮೇಲೆ ಕೂರ್ತಾನೆ, ಬ್ಯಾಂಡ್ ಬಾರಿಸ್ತಾ ಇರುತ್ತೆ, ನಾವು ಹಗ್ಗ ಹಿಡ್ಕೊಂಡು ಮುಂದೆ ನಡೀತೀವಿ. ಮದುವೆ ಜಾಗಕ್ಕೆ ಹೋಗುವಾಗ, ವಾಪಸ್ ಬರುವಾಗ ಮಾತ್ರ ನಾವೇ ಸವಾರರು.

2018ರ ಮೇ ತಿಂಗಳು. ಧಾರಾವಿ ನೋಡಿದವರಿಗೆ ಗೊತ್ತಿರುತ್ತೆ, ಮಳೆಗಾಲಕ್ಕೆ ಮೊದಲು ಎಲ್ಲರೂ ಛಾವಣಿ ಮೇಲೆ ನೀಲಿ ತಾಡಪಾಲು ಕಟ್ಟೋಕೆ ಶುರು ಮಾಡ್ತಾರೆ. ಸಂಜೆ ಹೊತ್ತು ನಾನು ನಮ್ಮ ಬಿಳಿ ಹೆಣ್ಣುಕುದುರೆ ಚಾಂದನಿ ಮೇಲೆ ಕೂತು 90 ಫೀಟ್ ರೋಡ್ ಕಡೆ ಹೊರಟಿದ್ದೆ. ಒಂದು ಕೈಯಲ್ಲಿ ಫೋನು. ಮೇಲೆ ಯಾರೋ ಹೊಸ ತಾಡಪಾಲನ್ನ ಒಂದೇ ಸಲ ಪಟಾರ್ ಅಂತ ಕೊಡವಿದರು. ಚಾಂದನಿ ಪಕ್ಕಕ್ಕೆ ಹಾರಿತು. ನಾನು ಇನ್ನೊಂದು ಪಕ್ಕಕ್ಕೆ ಹಾರಿದೆ.

ಧಾರಾವಿಯಲ್ಲಿ ಬಿದ್ದರೆ ಒಬ್ಬರೇ ಬೀಳೋಕಾಗಲ್ಲ. ಐವತ್ತು ಜನ ಸೇರಿದರು. ಅದರಲ್ಲಿ ನನ್ನ ಒಂಬತ್ತು ವರ್ಷದ ಮಗಳೂ ಇದ್ದಳು. ಎಲ್ಲರೂ ಒಂದೇ ಮಾತು: “ಹತ್ತು, ಹತ್ತು, ಈಗಲೇ ಹತ್ತು, ಇಲ್ಲಾಂದ್ರೆ ಹೆದರಿಕೆ ಕೂತುಬಿಡುತ್ತೆ.” ನಾನೂ ಗಂಡಸು ಅಂತ ಹತ್ತಿಬಿಟ್ಟೆ. ಇಪ್ಪತ್ತು ಹೆಜ್ಜೆ ಹೋಗೋದರೊಳಗೆ ಕಣ್ಣು ಕತ್ತಲೆ ಬಂತು. ನನ್ನ ಎಡಗಡೆ ಕೊರಳೆಲುಬು ಮುರಿದಿತ್ತು. ಸಯನ್ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದ ಮೇಲೇ ಅದು ಗೊತ್ತಾದದ್ದು.

ಇಲ್ಲಿ ಮೊದಲ ಪಾಠ ಹೇಳ್ತೀನಿ. ಬಿದ್ದ ಕೂಡಲೇ ಮತ್ತೆ ಹತ್ತಬೇಕು ಅನ್ನೋದು ಅರ್ಧ ಸತ್ಯ. ಬಿದ್ದ ಬಿಸಿಯಲ್ಲಿ ದೇಹಕ್ಕೆ ನೋವೇ ತಿಳಿಯಲ್ಲ. ತಲೆಗೆ ಪೆಟ್ಟಾಗಿರಬಹುದು, ಎಲುಬು ಮುರಿದಿರಬಹುದು. ಮೊದಲು ಡಾಕ್ಟರು, ಆಮೇಲೆ ಕುದುರೆ. ನಾನು ಆ ಇಪ್ಪತ್ತು ಹೆಜ್ಜೆಯಲ್ಲಿ ಧೈರ್ಯ ಕಲಿಯಲಿಲ್ಲ. ಕುದುರೆ ಅಂದ್ರೆ ನೋವು ಅಂತ ನನ್ನ ದೇಹಕ್ಕೆ ಇನ್ನೊಂದು ಸಲ ಕಲಿಸಿದೆ, ಅಷ್ಟೇ.

ಮಳೆಗಾಲ ಮನೆಯಲ್ಲಿ ಕಳೆಯಿತು. ಆಗಸ್ಟ್‌ನಲ್ಲಿ ಮಗಳು ಫೋನು ತಂದು ತೋರಿಸಿದಳು: ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಬೆಂಗಳೂರಿನ ಫವಾದ್ ಮಿರ್ಜಾಗೆ ಈವೆಂಟಿಂಗ್‌ನಲ್ಲಿ ಬೆಳ್ಳಿ, ಟೀಮಿಗೂ ಬೆಳ್ಳಿ. 1982ರ ನಂತರ ಕುದುರೆ ಸವಾರಿಯಲ್ಲಿ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಏಷ್ಯಾಡ್ ಪದಕ ಅದು. ಅವಳಿಗೆ ಖುಷಿ. “ಅಪ್ಪಾ, ನೀನು ಯಾವಾಗ ಹತ್ತೋದು?” ಅಂದಳು. ಕೈ ಇನ್ನೂ ನೋಯುತ್ತೆ ಅಂದೆ. ಸುಳ್ಳು. ಆ ಹೊತ್ತಿಗೆ ಕೈ ಸರಿಯಾಗಿತ್ತು.

ತುಳಸಿ ಮದುವೆ ಮುಗಿದ ಮೇಲೆ ಸೀಸನ್ ಶುರುವಾಯಿತು. ಸವಾರಿ ಮಾಡಲ್ಲ, ಹಗ್ಗ ಹಿಡೀತೀನಿ ಅಂತ ಹೇಳಿ ಕೆಲಸಕ್ಕೆ ಹೋದೆ. ಹೆದರಿಕೆ ಅಂತ ಯಾರಿಗೂ ಹೇಳಲಿಲ್ಲ. ಒಂದು ಮದುವೆ. ಚಾಂದನಿ ಮೇಲೆ ಮದುಮಗ, ಅವನ ಮುಂದೆ ನಾಲ್ಕೈದು ವರ್ಷದ ಒಂದು ಪುಟ್ಟ ಹುಡುಗ, ಪೇಟ ಸುತ್ತಿಕೊಂಡು ಕೂತಿದ್ದ. ಗಲ್ಲಿಯ ಕೊನೆಯಲ್ಲಿ ಶಾಮಿಯಾನದ ಬಟ್ಟೆ ಗಾಳಿಗೆ ಹಾರ್ತಾ ಇತ್ತು. ಅದನ್ನ ಚಾಂದನಿಗಿಂತ ಮೊದಲು ನಾನು ನೋಡಿದೆ. ನನ್ನ ಕೈ ಹಗ್ಗವನ್ನ ಬಿಗಿಯಾಗಿ ಹಿಡಿಯಿತು, ಉಸಿರು ನಿಂತಿತು. ಅಷ್ಟರವರೆಗೆ ಸುಮ್ಮನಿದ್ದ ಕುದುರೆ ತಲೆ ಎತ್ತಿ ಕುಣಿಯೋಕೆ ಶುರು ಮಾಡಿತು. ಆ ಹುಡುಗ ಜಾರಿದ. ಮದುಮಗ ಅವನ ಅಂಗಿ ಹಿಡ್ಕೊಂಡಿದ್ದಕ್ಕೆ ಉಳಿದ. ಜನ ಪಟಾಕಿ ಸದ್ದಿಗೆ ಕುದುರೆ ಬೆದರಿತು ಅಂದುಕೊಂಡರು. ನನಗೆ ಗೊತ್ತಿತ್ತು. ಹಗ್ಗ ಜೊತೆಗಾರನ ಕೈಗೆ ಕೊಟ್ಟು ಮನೆಗೆ ಬಂದುಬಿಟ್ಟೆ.

ಅವತ್ತು ರಾತ್ರಿ ಮೊದಲ ಸಲ ಹೆಂಡತಿ ಹತ್ತಿರ ಬಾಯಿ ಬಿಟ್ಟೆ. “ಕುದುರೆ ಬಿಡ್ತೀನಿ, ನನಗೆ ಎಲ್ಲಾದಕ್ಕೂ ಹೆದರಿಕೆ ಆಗುತ್ತೆ” ಅಂದೆ. ಅವಳು 13 ಕಾಂಪೌಂಡ್‌ನಲ್ಲಿ ಪ್ಲಾಸ್ಟಿಕ್ ವಿಂಗಡಿಸೋ ಕೆಲಸ ಮಾಡ್ತಾಳೆ. ಊರಿನ ಕಸ ಅಲ್ಲಿಗೆ ಬರುತ್ತೆ. ಬಣ್ಣ ನೋಡಿ, ಬಗ್ಗಿಸಿ ನೋಡಿ ಬೇರೆ ಬೇರೆ ಗುಡ್ಡೆ ಮಾಡ್ತಾರೆ. ಆಮೇಲೇ ಅದು ಪುಡಿಯಾಗಿ, ತೊಳೆದು, ಒಣಗಿ ಮತ್ತೆ ಮಾಲು ಆಗೋದು. ಅವಳು ಅಂದಳು: “ಎಲ್ಲಾ ಅಂದ್ರೆ ಏನೇನು? ಎಲ್ಲಾ ಒಂದೇ ಚೀಲದಲ್ಲಿ ತುಂಬಿಟ್ರೆ ಅದು ಬರೀ ಕಸ. ಸುರಿದು ಬೇರೆ ಮಾಡು ನೋಡೋಣ.”

ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದೆವು. ಟ್ರಾಫಿಕ್. ಕತ್ತಲು. ಹಳೇ ಜೀನು. ತಲೆಗೆ ಏನೂ ಇಲ್ಲದಿರೋದು. ಹಾರೋ ಬಟ್ಟೆ. ಹತ್ತೋ ಕ್ಷಣ. ಜನ ನಗೋದು. ಬರೆದ ಮೇಲೆ ನೋಡಿದರೆ ಎರಡು ಗುಡ್ಡೆ ಆಯ್ತು. ಒಂದು ಗುಡ್ಡೆ ನಿಜವಾದ ಅಪಾಯದ್ದು. ಅಲ್ಲಿ ಹೆದರಿಕೆ ಸರಿಯಾಗೇ ಇದೆ, ಕೆಲಸ ಮಾಡ್ತಾ ಇದೆ. ಇನ್ನೊಂದು, ಬಿದ್ದ ದಿನದಿಂದ ಉಳಿದುಕೊಂಡ ಹೆದರಿಕೆ. ಮೊದಲನೇದನ್ನ ಸರಿಪಡಿಸಬೇಕು. ಎರಡನೇದನ್ನ ನಿಧಾನಕ್ಕೆ ಕರಗಿಸಬೇಕು. ಎರಡಕ್ಕೂ ಒಂದೇ ಔಷಧಿ ಇಲ್ಲ.

ಮೊದಲ ಗುಡ್ಡೆಯ ಕೆಲಸಕ್ಕೆ ನಮ್ಮಪ್ಪ ಬಂದರು. ನಲವತ್ತು ವರ್ಷ ಚರ್ಮ ಮುಟ್ಟಿದ ಕೈ. ಜೀನನ್ನ ತಿರುಗಿಸಿ, ಹೊಟ್ಟೆ ಕೆಳಗೆ ಕಟ್ಟೋ ಪಟ್ಟಿ ಬಗ್ಗಿಸಿ ನೋಡಿದರು. ಬೆವರು ಕುಡಿದೂ ಕುಡಿದೂ ಚರ್ಮ ಬಿರುಕು ಬಿಟ್ಟಿತ್ತು, ಹೊಲಿಗೆ ಎಳೆದರೆ ಕೈಗೆ ಬಂತು. “ಇದರ ಮೇಲೆ ಕೂತ್ಕೊಳ್ಳೋಕೆ ಹೆದರದೇ ಇದ್ದಿದ್ರೆ ನೀನು ದಡ್ಡ” ಅಂದರು. ಎರಡು ದಿನ ಕೂತು ಹೊಸ ಪಟ್ಟಿ ಹೊಲಿದುಕೊಟ್ಟರು. ಸವಾರಿ ಹೆಲ್ಮೆಟ್ ತಗೊಂಡೆ. ಬೈಕಿನ ಹೆಲ್ಮೆಟ್ ಇದಕ್ಕೆ ಆಗಲ್ಲ, ಮತ್ತೆ ಒಂದು ಸಲ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಬದಲಾಯಿಸಲೇಬೇಕು. ಮಾಲೀಕರಿಗೆ ನಿಜ ಹೇಳಿದೆ. ಬೈತಾರೆ ಅಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾಥೇರಾನ್‌ಗೆ ಹೋಗು, ಅಲ್ಲಿ ನಮ್ಮ ಹಳೇ ಪರಿಚಯದವರಿದ್ದಾರೆ” ಅಂದರು.

2019ರ ಜನವರಿ. ದಾದರ್‌ನಲ್ಲಿ ಕರ್ಜತ್ ಲೋಕಲ್ ಹಿಡಿದು ನೇರಳ್, ಅಲ್ಲಿಂದ ಘಾಟಿ ಹತ್ತಿ ದಸ್ತೂರಿ ನಾಕಾ. ಬಂದ ಕಾರುಗಳೆಲ್ಲ ಅಲ್ಲೇ ನಿಲ್ತವೆ. ಎಷ್ಟೋ ಪ್ರವಾಸಿಗರು ಅಲ್ಲಿಂದ ಮುಂದೆ ನಡೀತಾರೆ, ಇಲ್ಲಾ ಕುದುರೆ ಹತ್ತುತ್ತಾರೆ. ಹಾರನ್ ಇಲ್ಲ, ಕೆಂಪು ಮಣ್ಣಿನ ದಾರಿ, ಎಲ್ಲಿ ನೋಡಿದರೂ ಕುದುರೆ. ಅಲ್ಲಿನ ಹಿರಿಯರೊಬ್ಬರು ನನ್ನನ್ನ ಮೊದಲ ನಾಲ್ಕು ದಿನ ಹತ್ತಿಸಲೇ ಇಲ್ಲ. ಬರೀ ನಡೆಸು ಅಂದರು. ಮುಂದೆ, ನಿಲ್ಲು, ಹಿಂದೆ ಎರಡು ಹೆಜ್ಜೆ, ತಿರುಗು. ಕುದುರೆಗೆ ಕಣ್ಣು ತಲೆಯ ಎರಡೂ ಪಕ್ಕಕ್ಕೆ ಇರೋದರಿಂದ ಸುತ್ತಮುತ್ತ ಹೆಚ್ಚುಕಡಿಮೆ ಎಲ್ಲಾ ಕಾಣುತ್ತೆ, ಆದರೆ ಹಣೆಯ ನೇರ ಮುಂದೆ ಮತ್ತು ಬಾಲದ ಹಿಂದೆ ಕಾಣಲ್ಲ. ಅದಕ್ಕೇ ಭುಜದ ಕಡೆಯಿಂದ ಹೋಗಬೇಕು. ಇಷ್ಟು ವರ್ಷದ ಕೆಲಸದಲ್ಲಿ ಇದೆಲ್ಲ ನನಗೆ ಗೊತ್ತಿದ್ದದ್ದೇ. ಆದರೆ ಕುದುರೆ ನನ್ನ ಮಾತು ಕೇಳುತ್ತೆ ಅನ್ನೋದು ಕೈಗೆ ಮತ್ತೆ ಗೊತ್ತಾಗಬೇಕಿತ್ತು. ಈವೆಂಟಿಂಗ್ ಸವಾರರೂ ಕ್ರಾಸ್‌ಕಂಟ್ರಿ ಓಟಕ್ಕೆ ಮೊದಲು ಇಡೀ ದಾರಿಯನ್ನ ಕಾಲ್ನಡಿಗೆಯಲ್ಲಿ ನಡೆದು ನೋಡ್ತಾರೆ. ಅಷ್ಟು ದೊಡ್ಡವರೇ ಮೊದಲು ನಡೀತಾರೆ ಅಂದ್ರೆ ನನಗೇನು ನಾಚಿಕೆ?

ಐದನೇ ದಿನ ಒಂದು ಮುದಿ ಕುದುರೆ ಮೇಲೆ ನನ್ನನ್ನ ಕೂರಿಸಿ ಅವರೇ ಹಗ್ಗ ಹಿಡಿದರು. ಜೀವನಪೂರ್ತಿ ಬೇರೆಯವರನ್ನ ಕೂರಿಸಿ ಹಗ್ಗ ಹಿಡಿದವನು ನಾನು. ಪಕ್ಕದಲ್ಲೇ ಪ್ರವಾಸಿ ಮಕ್ಕಳು ಕೂಗಾಡಿಕೊಂಡು ಹೋಗ್ತಾ ಇದ್ದವು. ಕಣ್ಣಲ್ಲಿ ನೀರು ಬಂತು. ಅವರು ತಿರುಗಿ ನೋಡಲಿಲ್ಲ. “ಜೋರಾಗಿ ಎಣಿಸ್ತಾ ಇರು” ಅಂದರು ಅಷ್ಟೇ. ಒಂದು, ಎರಡು, ಮೂರು, ನಾಲ್ಕು, ಹೆಜ್ಜೆಗೆ ಒಂದು ಅಂಕಿ. ಎಣಿಸುವವನಿಗೆ ಉಸಿರು ಕಟ್ಟಿ ಕೂರೋಕಾಗಲ್ಲ. ಇದು ಇವತ್ತಿಗೂ ನಾನು ಬಳಸೋ ಉಪಾಯ.

ಉಸಿರಿನ ವಿಷಯ ಸುಮ್ಮನೆ ಹೇಳ್ತಿಲ್ಲ. ಸ್ವೀಡನ್ ದೇಶದ ಸಂಶೋಧಕರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜನರ ಕೈಗೆ ಕುದುರೆ ಕೊಟ್ಟು ಒಂದೇ ದಾರಿಯಲ್ಲಿ ನಾಲ್ಕು ಸಲ ಓಡಾಡಿಸಿದರು. ನಾಲ್ಕನೇ ಸಲಕ್ಕೆ ಮೊದಲು, ಈಗ ಒಂದು ಛತ್ರಿ ಬಿಚ್ಚುತ್ತೆ ಅಂದರು. ಛತ್ರಿ ಬಿಚ್ಚಲೇ ಇಲ್ಲ. ಆದರೂ ಮನುಷ್ಯರ ಎದೆಬಡಿತ ಏರಿತು, ಜೊತೆಗೆ ಕುದುರೆಯದ್ದೂ ಏರಿತು. ಇದನ್ನ ಕೇಳಿದಾಗ ನನಗೆ ಆ ಪೇಟದ ಹುಡುಗ ನೆನಪಾದ. ಚಾಂದನಿಯ ತಪ್ಪಿರಲಿಲ್ಲ. ನಾನು ಬಚ್ಚಿಟ್ಟ ಹೆದರಿಕೆ ಹಗ್ಗದಲ್ಲಿ ಇಳಿದು ಅವಳಿಗೆ ತಲುಪಿತ್ತು. ಜನರಿಂದ ಹೆದರಿಕೆ ಮುಚ್ಚಿಡಬಹುದು, ಕುದುರೆಯಿಂದ ಆಗಲ್ಲ.

ಮೂರು ವಾರ ಅಲ್ಲಿದ್ದೆ. ದಿನಾ ಮುಂದೆ ಹೋಗಲಿಲ್ಲ. ಹತ್ತನೇ ದಿನ ಒಂದು ಕೋತಿ ಹಾರಿ ಕುದುರೆ ಬೆಚ್ಚಿತು, ನಾನು ಇಳಿದುಬಿಟ್ಟೆ. ಮಾರನೇ ದಿನ ಮತ್ತೆ ಹಗ್ಗ, ಮತ್ತೆ ಎಣಿಕೆ. ಅವರ ನಿಯಮ ಒಂದೇ: ಹೆದರಿಕೆ ಜಾಸ್ತಿಯಾದರೆ ಒಂದು ಮೆಟ್ಟಿಲು ಇಳಿ, ಆದರೆ ಮನೆಗೆ ಹೋಗಬೇಡ. ಸರಿಯಾಗಿ ಮಾಡಿದ್ದು ಏನಾದರೂ ಇದ್ದರೆ ಅಲ್ಲಿಗೆ ದಿನ ಮುಗಿಸು, ಅದು ಬರೀ ನಿಂತು ಕುತ್ತಿಗೆ ಸವರಿದ್ದಾದರೂ ಸರಿ.

ಧಾರಾವಿಗೆ ವಾಪಸ್ ಬಂದ ಮೇಲೆ ಉಳಿದದ್ದು ತಾಡಪಾಲು. ಮತ್ತೆ ಮೇ ತಿಂಗಳು ಬರ್ತಾ ಇತ್ತು. ಲಾಯದ ಮುಂದೆ ನೀಲಿ ತಾಡಪಾಲನ್ನ ನೆಲದ ಮೇಲೆ ಮಡಿಸಿ ಇಟ್ಟೆ. ಮೊದಲ ದಿನ ಚಾಂದನಿ ದೂರದಿಂದಲೇ ನೋಡಿದಳು, ನಾನೂ ದೂರದಿಂದಲೇ ನೋಡಿದೆ. ದಿನಾ ಸ್ವಲ್ಪ ಹತ್ತಿರ, ಸ್ವಲ್ಪ ಬಿಚ್ಚಿ. 2,300 ವರ್ಷಕ್ಕೂ ಹಿಂದೆ ಗ್ರೀಸ್‌ನ ಜೆನೊಫನ್ ಕುದುರೆ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನೇ ಹೇಳಿದ್ದಾನಂತೆ: ಕುದುರೆ ಯಾವುದಕ್ಕಾದರೂ ಬೆದರಿದರೆ ಹೊಡೀಬೇಡ, ಮೆಲ್ಲಗೆ ಅದರ ಹತ್ತಿರ ಕರ್ಕೊಂಡು ಹೋಗು, ಹೊಡೆದರೆ ಹೆದರಿಕೆ ಇನ್ನೂ ಹೆಚ್ಚುತ್ತೆ. ನಾವು ನಮ್ಮನ್ನೇ ಎಷ್ಟು ಹೊಡ್ಕೊಳ್ತೀವಿ ಅಲ್ವಾ, ಹೇಡಿ, ಕೈಲಾಗದವನು ಅಂತ? ಹನ್ನೆರಡನೇ ದಿನ ಚಾಂದನಿ ತಾಡಪಾಲಿನ ಮೇಲೆ ಕಾಲಿಟ್ಟು ದಾಟಿದಳು. ಹೆಲ್ಮೆಟ್ ಹಾಕ್ಕೊಂಡು ನಾನು ಮೇಲೆ ಕೂತಿದ್ದೆ. ತಾಡಪಾಲಿನ ಇನ್ನೊಂದು ತುದಿ ಹಿಡಿದು ಅಲುಗಾಡಿಸ್ತಾ ಇದ್ದದ್ದು ನನ್ನ ಮಗಳು. ಜೋರಾಗಿ ಎಣಿಸ್ತಾ ಇದ್ದದ್ದೂ ಅವಳೇ.

ಈಗ ನಾನು ದಿನಾ ಸವಾರಿ ಮಾಡ್ತೀನಿ. ಆದರೆ ಕತ್ತಲಾದ ಮೇಲೆ ಟ್ರಾಫಿಕ್ಕಿನಲ್ಲಿ ಕೂರಲ್ಲ, ಇಳಿದು ನಡೆಸಿಕೊಂಡು ಬರ್ತೀನಿ. ಫೋನು ಜೇಬಿನಲ್ಲಿ. ಪುಟ್ಟ ಮಕ್ಕಳನ್ನ ಕೂರಿಸಿದರೆ ಬ್ಯಾಂಡಿನವರಿಗೂ ಪಟಾಕಿಯವರಿಗೂ ದೂರ ನಿಲ್ಲಿ ಅಂತೀನಿ. ಕೇಳದಿದ್ದರೆ ಕುದುರೆ ನಿಲ್ಲಿಸಿಬಿಡ್ತೀನಿ. ಹುಡುಗರು ನಗ್ತಾರೆ, “ಬಿದ್ದು ಹೆದರಿದ್ದಾನೆ” ಅಂತ. ಹೌದು, ಬಿದ್ದಿದ್ದೀನಿ. ಆ ಹೆದರಿಕೆಯಲ್ಲಿ ಅರ್ಧ ನನಗೆ ಬೇಕಾದದ್ದು, ಅದನ್ನ ಇಟ್ಕೊಂಡಿದ್ದೀನಿ.

ನಿಮ್ಮಲ್ಲಿ ಎಷ್ಟೋ ಜನ ಕುದುರೆ ಮುಟ್ಟೇ ಇರಲ್ಲ. ಆದರೆ ಸ್ಕೂಟರ್‌ನಿಂದ ಬಿದ್ದಿರ್ತೀರ, ಪರೀಕ್ಷೆಯಲ್ಲಿ, ಅಂಗಡಿಯಲ್ಲಿ ಬಿದ್ದಿರ್ತೀರ. ಇವತ್ತು ಮನೆಗೆ ಹೋಗಿ ಒಂದು ಹಾಳೆ ತಗೊಳ್ಳಿ. ಚೀಲ ಸುರಿಯಿರಿ. ಸರಿಪಡಿಸೋದು ಒಂದು ಕಡೆ, ಕರಗಿಸೋದು ಇನ್ನೊಂದು ಕಡೆ ಹಾಕಿ. ಒಬ್ಬರಿಗಾದರೂ ನಿಜ ಹೇಳಿ. ನನ್ನ ಹೆಂಡತಿಯಂಥವರು ಸಿಕ್ಕರೆ ಇನ್ನೂ ಒಳ್ಳೇದು.