ಆಟಗಾರನ ಮಾತು ಯಾರ ಸರಕು?

(ಪುತ್ತೂರಿನಲ್ಲಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕೆಲಸ ಮುಗಿಸಿ, ಅಂಗಡಿಯ ಬಾಗಿಲೆಳೆದು, ಸುಳ್ಯ ಕಡಬಗಳಿಂದಲೂ ತಾವು ಬಂದಿದ್ದೀರಿ. ಜೇಬಿನಲ್ಲಿ ಮೊಬೈಲು ಇಲ್ಲದವರು ಈ ಸಭೆಯಲ್ಲಿ ವಿರಳ. ಅದರೊಳಗಿಂದ ಹೆಸರಾಂತ ಆಟಗಾರರು ದಿನವೂ ನಮ್ಮೊಡನೆ ಮಾತನಾಡುತ್ತಾರೆ. ಆ ಮಾತು ಯಾರದು, ಲಾಭ ಯಾರಿಗೆ ಎಂಬುದನ್ನು ನಾವು ವಿಚಾರಿಸಬೇಕಾಗಿದೆ.

ಮೊದಲು ನಮ್ಮ ಜಿಲ್ಲೆಯ ಸಂಗತಿ. 2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರು 142.5 ಮೀಟರ್ ಕೆಸರಿನ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಯಾರೋ ಭಾಗಾಕಾರ ಮಾಡಿ, 100 ಮೀಟರಿಗೆ 9.55 ಸೆಕೆಂಡು, ಬೋಲ್ಟನ ದಾಖಲೆ 9.58 ಎಂದು ಬರೆದರು. ದೇಶವೆಲ್ಲ ಅದೇ ಸುದ್ದಿ! ಉದ್ಯಮಪತಿ ಆನಂದ್ ಮಹೀಂದ್ರಾ ಟ್ವಿಟರಿನಲ್ಲಿ ಕೊಂಡಾಡಿದರು. ಆಗಿನ ಕ್ರೀಡಾ ಮಂತ್ರಿ ಕಿರಣ್ ರಿಜಿಜು ಪರೀಕ್ಷೆಗೆ ಕರೆಸುವುದಾಗಿ ಅಲ್ಲಿಯೇ ಸಾರಿದರು.

ಕಂಬಳ ಕಂಡವರಿಗೆ ಈ ಲೆಕ್ಕ ನಗು ತರುವಂಥದು. ಹಗ್ಗ ಹಿಡಿದವನನ್ನು ಕೋಣಗಳು ಎಳೆದುಕೊಂಡೇ ಹೋಗುತ್ತವೆ. ಗೌಡರೇ ಅದನ್ನು ಹೇಳಿದರು: ಕಂಬಳದಲ್ಲಿ ಹಿಮ್ಮಡಿಯ ಕೆಲಸ, ಟ್ರ್ಯಾಕಿನಲ್ಲಿ ಬೆರಳುಗಳ ಕೆಲಸ, ಕೋಣಗಳ ಪಾಲೂ ಇದೆ. ಪರೀಕ್ಷೆಗೆ ಹೋಗಲಿಲ್ಲ. ಕಟ್ಟಡದ ಕೂಲಿ ಮಾಡುತ್ತಿದ್ದ ಆ ಯುವಕನಿಗಿದ್ದ ವಿವೇಕ ಟ್ವಿಟರಿನ ದೊಡ್ಡವರಿಗೆ ಇರಲಿಲ್ಲ. ರಾಜ್ಯ ಸರಕಾರ 3 ಲಕ್ಷ ರೂಪಾಯಿ ಕೊಟ್ಟು ಗೌರವಿಸಿತು, ಒಳ್ಳೆಯದೇ ಆಯಿತು. ಆದರೆ ಒಂದು ಮಾತು ಗಮನಿಸಿರಿ. ಯೂಟ್ಯೂಬಿನವರು ಜಾಹೀರಾತಿನ ಹಣದಲ್ಲಿ ಪಾಲು ಕೊಡುವುದು ಚಿತ್ರ ಹಾಕಿದವನಿಗೆ. ಚಿತ್ರದೊಳಗೆ ಓಡಿದವನಿಗಲ್ಲ. ಬೆವರು ಒಬ್ಬನದು, ಹುಟ್ಟುವಳಿ ಇನ್ನೊಬ್ಬನದು. ಕಾರ್ಖಾನೆಯಲ್ಲಿ ದುಡಿಯುವ ನಮಗೆ ಇದು ಹೊಸ ಕಥೆಯೇನಲ್ಲ.

ಇನ್ನು ಮೇಲಂತಸ್ತಿನ ಆಟಗಾರರನ್ನು ನೋಡೋಣ. ಇವರು ಓಟವನ್ನಷ್ಟೇ ಅಲ್ಲ, ಮಾತನ್ನೂ ಮಾರಬಲ್ಲರು. ಮೊಬೈಲಿನಲ್ಲಿ ಕ್ರಿಕೆಟ್ ತಂಡ ಕಟ್ಟಿ ಹಣ ಹೂಡಿರಿ ಎಂದು ನಗುಮುಖದಿಂದ ಕರೆದವರು ಇವರೇ. ಶನಿವಾರ ಕೈಗೆ ಬಂದ ಬಟವಾಡೆ ಸೋಮವಾರದೊಳಗೆ ಹೀಗೆ ಕರಗಿಹೋದರೆ ಆ ಮನೆಯ ಅಕ್ಕಿಗೆ ಏನು ಗತಿ? ದಿನಸಿ ಅಂಗಡಿಯವರ ಸಾಲದ ಪುಸ್ತಕದಲ್ಲಿ ಉತ್ತರವಿದೆ. ಹಣ ಕಟ್ಟಿ ಆಡುವ ಇಂಥ ಆಟಗಳನ್ನು ಕರ್ನಾಟಕ 2021ರಲ್ಲಿ ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯನ್ನು ರದ್ದುಮಾಡಿತು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತೇ ಕಾಯಿದೆ ಮಾಡಿತು. ಜಾಹೀರಾತು ಕೊಟ್ಟವರಿಗೆ 2 ವರ್ಷದವರೆಗೆ ಸೆರೆವಾಸ, 50 ಲಕ್ಷದವರೆಗೆ ದಂಡ ಎಂದು ಅದರಲ್ಲಿದೆ. ಅಲ್ಲಿಯವರೆಗೆ ಭಾರತ ತಂಡದ ಅಂಗಿಯ ಎದೆಯ ಮೇಲೆ ಇದ್ದುದು ಇಂಥದೇ ಒಂದು ಕಂಪೆನಿಯ ಹೆಸರು!

ಹಣ ಪಡೆದು ಹೊಗಳುವವರು ಅದು ಜಾಹೀರಾತೆಂದು ಸ್ಪಷ್ಟವಾಗಿ ತಿಳಿಸಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೇಳಿದೆ. ತಕ್ಕಡಿಯಲ್ಲಿ ಹತ್ತು ಗ್ರಾಂ ತಪ್ಪಿದರೆ ಸಣ್ಣ ವ್ಯಾಪಾರಿಯ ಮೇಲೆ ಕೇಸು. ಮಾತಿನ ವ್ಯಾಪಾರಿಗೂ ಅದೇ ತಕ್ಕಡಿ ಬೇಡವೆ?

ಆಟಗಾರರು ಬಾಯಿ ಮುಚ್ಚಿರಲಿ ಎಂಬುದು ನಮ್ಮ ವಾದವಲ್ಲ. 2023ರಲ್ಲಿ ವಿನೇಶ್ ಫೋಗಟ್, ಸಾಕ್ಷಿ ಮಲಿಕ್, ಬಜರಂಗ್ ಪುನಿಯಾ ಜಂತರ್ ಮಂತರಿನಲ್ಲಿ ಧರಣಿ ಕುಳಿತರು. ಕುಸ್ತಿ ಫೆಡರೇಷನ್ನಿನ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ಆರೋಪ ಹೊರಿಸಿ ಕುಳಿತವರು ಅವರು. ಪದಕಗಳನ್ನು ಗಂಗೆಗೆ ಹಾಕುತ್ತೇವೆಂದು ಮೇ 30ರಂದು ಜನರಿಗೆ ತಿಳಿಸಿದ್ದು ಇದೇ ಮೊಬೈಲಿನಲ್ಲಿ. ಆ ಮಾತಿಗೆ ಯಾರೂ ಹಣ ಕೊಟ್ಟಿರಲಿಲ್ಲ. ದೊಡ್ಡ ಕ್ರಿಕೆಟಿಗರು ಏಕೆ ಮೌನವಾಗಿದ್ದಾರೆ ಎಂದು ವಿನೇಶ್ ಆಗಲೇ ಕೇಳಿದ್ದರು.

ನಮ್ಮಿಂದ ಆಗುವ ಒಂದು ಕೆಲಸವಿದೆ. ನಮ್ಮ ಮಹಾಲಿಂಗೇಶ್ವರ ದೇವಳದ ದೇವರಮಾರು ಗದ್ದೆಯಲ್ಲಿ ಕೋಟಿ-ಚೆನ್ನಯ ಕಂಬಳ ನಡೆಯುತ್ತದೆ. ಓಟದ ಚಿತ್ರದಿಂದ ಹಣ ಬರುವುದಾದರೆ ಕೋಣ ಓಡಿಸಿದವನಿಗೂ ಅದರಲ್ಲಿ ಪಾಲು ಗೊತ್ತುಮಾಡಬೇಕೆಂದು ಸಮಿತಿಗೆ ಮನವಿ ಬರೆದಿದ್ದೇವೆ. ಸಹಿ ಹಾಕುವವರು ಸಭೆ ಮುಗಿದೊಡನೆ ಈ ಮೇಜಿನ ಬಳಿಗೆ ಬರಬೇಕು.